ಶಾಶ್ವತ ವಿಡಿಯೊಗೆ ಬಾಡಿಗೆ ಕಟ್ಟುವವರು ಯಾರು?

2017ರ ಏಪ್ರಿಲ್ 29ರಂದು ಟರ್ಕಿ ಸರ್ಕಾರ ವಿಕಿಪೀಡಿಯವನ್ನು ಬಂದ್ ಮಾಡಿಸಿತು. ಕೆಲವೇ ದಿನಗಳಲ್ಲಿ ಟರ್ಕಿಶ್ ವಿಕಿಪೀಡಿಯದ ಒಂದು ಪ್ರತಿ ಐಪಿಎಫ್‌ಎಸ್ ಎಂಬ ಜಾಲದಲ್ಲಿ ಕಾಣಿಸಿಕೊಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಭಾರತದಲ್ಲೂ ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಭಂಡಾರ ತೆರೆಯದಾಯಿತು. ಹಿಂದಿ ಚಿತ್ರಗಳ ಕಳ್ಳಪ್ರತಿ ತಡೆಯಲು ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದ ಫಲವಾಗಿ ಇಡೀ ಗ್ರಂಥಭಂಡಾರಕ್ಕೇ ಬೀಗ ಬಿದ್ದಿತ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಒಂದೇ ಕಂಪನಿಯ ಸರ್ವರ್‌ ನೆಚ್ಚಿಕೊಳ್ಳದೆ, ಹಲವರ ಕಂಪ್ಯೂಟರ್‌ಗಳಲ್ಲಿ ವಿಡಿಯೊ ಇರಿಸುವ ವೆಬ್ ಆ್ಯಪ್‌ಗಳನ್ನು ಯುವ ತಂತ್ರಜ್ಞರು ಉತ್ಸಾಹದಿಂದ ಕಟ್ಟುವುದಕ್ಕೆ ಇಂಥ ಪ್ರಸಂಗಗಳೇ ಸಾಕು. ಆಸೆ ನ್ಯಾಯವಾದದ್ದೇ. ಆದರೆ ಅಪ್‌ಲೋಡ್ ಗುಂಡಿಯ ಕೆಳಗೆ ಅವರು ಬರೆಯುವ 'ಶಾಶ್ವತ' ಎಂಬ ಪದ ಮಾತ್ರ ಬಹುಪಾಲು ಸುಳ್ಳು.

ಹುವಾನ್ ಬೆನೆಟ್ ಅವರ ಪ್ರೊಟೊಕಾಲ್ ಲ್ಯಾಬ್ಸ್ 2015ರಲ್ಲಿ ಹೊರತಂದ ಐಪಿಎಫ್‌ಎಸ್, ಕಡತವನ್ನು ಚೂರುಗಳಾಗಿ ಒಡೆದು, ಒಳಗಿನ ದತ್ತಾಂಶದಿಂದಲೇ ಲೆಕ್ಕಹಾಕಿದ ಉದ್ದನೆಯ ಗುರುತನ್ನು ಅದಕ್ಕೆ ವಿಳಾಸವಾಗಿ ಕೊಡುತ್ತದೆ. ಇದಕ್ಕೆ ಸಿಐಡಿ ಎನ್ನುತ್ತಾರೆ (ಪೊಲೀಸರ ಸಿಐಡಿ ಅಲ್ಲ). ವಿಡಿಯೊದಲ್ಲಿ ಒಂದು ಬೈಟ್ ಬದಲಾದರೂ ವಿಳಾಸ ಬೇರೆಯಾಗುತ್ತದೆ. ಕದ್ದುಮುಚ್ಚಿ ತಿದ್ದುವ ಹಾಗಿಲ್ಲ. ಸ್ಟ್ಯಾನ್‌ಫರ್ಡ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಗಳ ಸ್ಟಾರ್ಲಿಂಗ್ ಲ್ಯಾಬ್, ನರಮೇಧದಿಂದ ಬದುಕುಳಿದವರ ಸಾಕ್ಷ್ಯದ ವಿಡಿಯೊಗಳನ್ನು ಇಂಥ ವ್ಯವಸ್ಥೆಗೆ ಸೇರಿಸಿದ್ದು ಈ ಗುಣಕ್ಕಾಗಿಯೇ.

ವಿಳಾಸ ಶಾಶ್ವತ, ನಿಜ. ಆ ವಿಳಾಸದಲ್ಲಿ ವಿಡಿಯೊ ಇರುತ್ತದೆಂಬ ಖಾತ್ರಿ ಇಲ್ಲ. ಯಾರಾದರೂ ಅದನ್ನು 'ಪಿನ್' ಮಾಡಿ ಇಟ್ಟುಕೊಳ್ಳದಿದ್ದರೆ ಜಾಲದ ಕಂಪ್ಯೂಟರ್‌ಗಳು ಜಾಗ ತೆರವು ಮಾಡುವಾಗ ಅಳಿಸಿಹಾಕುತ್ತವೆ. 2020ರ ಅಕ್ಟೋಬರ್‌ನಲ್ಲಿ ಚಾಲನೆಗೆ ಬಂದ ಫೈಲ್‌ಕಾಯಿನ್ ಇದಕ್ಕೆ ಹಣದ ದಾರಿ ಹುಡುಕಿತು. ಜಾಗ ಕೊಟ್ಟವರು ಕಡತ ತಮ್ಮಲ್ಲಿದೆಯೆಂದು ಪ್ರತಿ 24 ಗಂಟೆಗೊಮ್ಮೆ ಗಣಿತದ ಪುರಾವೆ ಒದಗಿಸಬೇಕು. ಅಚ್ಚುಕಟ್ಟಾದ ಏರ್ಪಾಡು. ಆದರೂ ಅದು ಅವಧಿಯ ಕರಾರು. ಮುಗಿದಾಗ ನವೀಕರಿಸುವವರು ಇರಬೇಕು. ಎಷ್ಟೋ ಆ್ಯಪ್‌ಗಳು ಆತುಕೊಂಡಿದ್ದ ಉಚಿತ ಸೇವೆ ಎನ್‌ಎಫ್‌ಟಿ ಡಾಟ್ ಸ್ಟೋರೇಜ್, 2024ರ ಜೂನ್ 30ಕ್ಕೆ ತನ್ನ ಹಳೆಯ ವ್ಯವಸ್ಥೆಯಲ್ಲಿ ಹೊಸ ಅಪ್‌ಲೋಡ್ ನಿಲ್ಲಿಸಿಬಿಟ್ಟಿತು. ಒಮ್ಮೆ ಹಣ ಕಟ್ಟಿದರೆ ಸಾಕು ಎನ್ನುವ ಆರ್‌ವೀವ್ ಕೂಡ, ಸಂಗ್ರಹದ ಖರ್ಚು ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಗುತ್ತದೆಂಬ ಲೆಕ್ಕಾಚಾರದ ಮೇಲೆ ನಿಂತಿದೆ.

ವಿಡಿಯೊ ಎಂದಾಗ ತೊಡಕು ಇನ್ನೂ ಹೆಚ್ಚು. ಯೂಟ್ಯೂಬಿಗೆ ಏರಿಸಿದ ವಿಡಿಯೊವನ್ನು ಆ ಕಂಪನಿ ಸದ್ದಿಲ್ಲದೆ ಹಲವು ಗಾತ್ರಗಳಿಗೆ ಇಳಿಸಿ, ಸಿಗ್ನಲ್ ಸೊರಗಿದ ಊರಿನ ಮೊಬೈಲಿಗೂ ತಲುಪಿಸುತ್ತದೆ. ಹಲವರ ಕಂಪ್ಯೂಟರ್‌ಗಳ ಈ ಜಾಲದಲ್ಲಿ ಆ ಚಾಕರಿ ಮಾಡುವವರಿಲ್ಲ. ಆ್ಯಪ್ ಕಟ್ಟುವವರೇ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಬಳಸಿ ವಿಡಿಯೊ ಪರಿವರ್ತಿಸಿ, ಕೆಲವು ಸೆಕೆಂಡುಗಳ ತುಣುಕು ಮಾಡಬೇಕು. ಅದಕ್ಕೊಂದು ಸರ್ವರ್ ಬೇಕು. ನೋಡುವವರ ಬ್ರೌಸರ್‌ಗೂ ಜಾಲಕ್ಕೂ ನಡುವೆ 'ಗೇಟ್‌ವೇ' ಬೇಕು. ಸಾರ್ವಜನಿಕ ಗೇಟ್‌ವೇಗಳನ್ನು ನಡೆಸುವವರು ಬೆರಳೆಣಿಕೆಯ ಸಂಸ್ಥೆಗಳು. ಕ್ಲೌಡ್‌ಫ್ಲೇರ್‌ನಂಥ ದೊಡ್ಡ ಕಂಪನಿಯೇ 2024ರಲ್ಲಿ ತನ್ನ ಗೇಟ್‌ವೇ ಕೆಲಸವನ್ನು ಬೇರೆಯವರಿಗೆ ವಹಿಸಿ ಕೈತೊಳೆದುಕೊಂಡಿತು. ಯಾರ ಹಂಗೂ ಬೇಡವೆಂದು ಹೊರಟವರು ಮತ್ತೆ ಕೆಲವೇ ಸಂಸ್ಥೆಗಳ ಬಾಗಿಲಲ್ಲೇ ನಿಲ್ಲುತ್ತಾರೆ.

ಎಲ್ಲಕ್ಕಿಂತ ಗಂಭೀರವಾದದ್ದು ಅಳಿಸುವ ಪ್ರಶ್ನೆ. ಭಾರತದ ಐಟಿ ನಿಯಮಗಳು 2021ರಲ್ಲಿ ಬಂದಾಗ, ಒಪ್ಪಿಗೆಯಿಲ್ಲದೆ ಹರಡಿದ ಖಾಸಗಿ ದೃಶ್ಯದ ಬಗ್ಗೆ ಸಂತ್ರಸ್ತರು ದೂರಿದರೆ 24 ಗಂಟೆಯೊಳಗೆ ತೆಗೆಯಬೇಕೆಂದವು. ಗೇಟ್‌ವೇಯಲ್ಲಿ ತಡೆ ಹಾಕಬಹುದು, ಆ್ಯಪ್‌ನವರು ತಾವು ಇಟ್ಟ ಪ್ರತಿಯನ್ನು ತೆಗೆಯಬಹುದು. ಬೇರೆಯವರು ಪಿನ್ ಮಾಡಿಕೊಂಡ ಪ್ರತಿ ಆ್ಯಪ್‌ನವರ ಕೈಮೀರಿದ್ದು. ಬೇಕಾದ ವಿಡಿಯೊ ಮಾಯವಾಗಿ ಬೇಡವಾದದ್ದು ಉಳಿದುಬಿಡುವ ವಿಚಿತ್ರ ಇದು.

ಹಾಗೆಂದು ಇದನ್ನೆಲ್ಲ ಕೈಬಿಡಬೇಕಿಲ್ಲ. ಅಪರೂಪದ ಯಕ್ಷಗಾನ ಪ್ರಸಂಗದ, ಹಳ್ಳಿಯ ಹಾಡುಗಾರ್ತಿಯ ದಾಖಲೆಗೆ ಇನ್ನೊಂದು ನೆಲೆಯಾಗಿ ಈ ಜಾಲ ಒಳ್ಳೆಯದೇ. ಏಕೈಕ ನೆಲೆಯಾಗಿ ಅಲ್ಲ. ಆ್ಯಪ್ ಕಟ್ಟುವವರು 'ಶಾಶ್ವತ' ಎಂಬ ಪದ ಅಳಿಸಿ, ಈ ವಿಡಿಯೊವನ್ನು ಯಾರು ಇಟ್ಟುಕೊಳ್ಳುತ್ತಾರೆ, ಯಾವ ತಾರೀಖಿನವರೆಗೆ ಹಣ ಸಂದಿದೆ, ವಾಪಸ್ ಪಡೆಯಲು ಆಗುತ್ತದೆಯೇ ಎಂಬುದನ್ನು ಗುಂಡಿಯ ಪಕ್ಕದಲ್ಲೇ, ಕನ್ನಡದಲ್ಲೇ ಬರೆಯಲಿ. ಏರಿಸುವವರೂ ಮೂಲ ಕಡತವನ್ನು ಮನೆಯ ಹಾರ್ಡ್‌ಡಿಸ್ಕಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳಲಿ.