ಮನೆ ಡಾಕ್ಟರರು ಕೈತೊಳೆದುಕೊಳ್ಳಬಾರದ ರೋಗ

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ 28 ಮನೋರೋಗಿಗಳು ಬೆಂಕಿಗೆ ಆಹುತಿಯಾದರು. ಅವರು ಓಡಲಾರದೆ ಹೋದದ್ದು ಕಾಲಿನ ಸರಪಳಿಯಿಂದಾಗಿ. ದರ್ಗಾದ ಸನ್ನಿಧಿಯಲ್ಲಿ ಗುಣವಾದೀತೆಂದು ನಂಬಿ ಅವರನ್ನು ಅಲ್ಲಿ ಬಿಟ್ಟುಹೋದವರು ಬಂಧುಗಳೇ.

ಏರ್ವಾಡಿ ದೂರವೆಂದು ಅಥಣಿಯವರು ನಿರಾಳರಾಗುವಂತಿಲ್ಲ. ಮಗನ ಕಿವಿಯಲ್ಲಿ ಯಾರೋ ಮಾತಾಡುತ್ತಾರೆ, ಊಟದಲ್ಲಿ ವಿಷವಿದೆಯೆಂದು ಅವನು ತಟ್ಟೆ ತಳ್ಳುತ್ತಾನೆ ಎಂದಾಗ ನಮ್ಮ ಮನೆಗಳಿಗೆ ಮೊದಲು ನೆನಪಾಗುವುದು ಜಿನ್ನ್, ಮಾಟ, ತಾಯಿತ. ತಿಂಗಳುಗಳು ಕಳೆದ ಮೇಲೆ ಓಣಿಯ ಡಾಕ್ಟರರ ಸರದಿ. ಅವರು ನಿದ್ದೆಯ ಗುಳಿಗೆ ಬರೆದು, 'ಮಿರಜಿಗೋ ಧಾರವಾಡಕ್ಕೋ ಒಯ್ಯಿರಿ' ಎನ್ನುತ್ತಾರೆ. ತಜ್ಞರ ಬಳಿಗೆ ಕಳುಹಿಸುವುದು ಸರಿಯೇ. ಆದರೆ ಅಲ್ಲಿಗೆ ತಮ್ಮ ಹೊಣೆ ಮುಗಿಯಿತೆನ್ನುವುದು ಸರಿಯಲ್ಲ. ಧಾರವಾಡಕ್ಕೆ ಹೋಗಿಬರಲು ಇಬ್ಬರ ಬಸ್ ದರ ಬೇಕು, ದುಡಿಯುವವನ ಕೂಲಿಯೂ ಹೋಗುತ್ತದೆ. ಎರಡು ಸಲ ಹೋದ ಬಡವ ಮೂರನೆಯ ಸಲ ಹೋಗುವುದಿಲ್ಲ. ಔಷಧಿ ನಿಲ್ಲುತ್ತದೆ, ರೋಗ ಮರುಕಳಿಸುತ್ತದೆ, 'ಡಾಕ್ಟರರಿಂದಲೂ ಆಗಲಿಲ್ಲ' ಎಂಬ ಮಾತು ಓಣಿಯಲ್ಲಿ ಹಬ್ಬುತ್ತದೆ.

ಈ ಕೊಂಡಿಯನ್ನು ಹಿಡಿದಿಡಬಲ್ಲವರು ಮನೆ ಡಾಕ್ಟರರು. ತಜ್ಞರು ಬರೆದ ಗುಳಿಗೆ ನಿಲ್ಲದಂತೆ ನೋಡುವುದು, ತಿಂಗಳಿಗೊಮ್ಮೆಯ ಇಂಜೆಕ್ಷನ್ ಕೊಡುವುದು, ಕೈನಡುಕ, ತೂಕ, ಸಕ್ಕರೆಯ ಮೇಲೆ ಕಣ್ಣಿಡುವುದು, ಇವೆಲ್ಲ ಅವರಿಗೆ ಅಸಾಧ್ಯವೇನಲ್ಲ. 1980ರ ದಶಕದಲ್ಲಿಯೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ಇದನ್ನು ಮಾಡಿಸಿತು. 1996ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ನಮ್ಮ ರಾಜ್ಯವೇ ದೇಶಕ್ಕೆ ಕಲಿಸಿದ ಪಾಠವಿದು! ಕಾನೂನಿನ ಭಯವನ್ನೂ ಮುಂದೊಡ್ಡಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು, ಪ್ರಾಣಾಪಾಯದಂಥ ತುರ್ತು ಸಂದರ್ಭದಲ್ಲಿ ಯಾವುದೇ ನೋಂದಾಯಿತ ವೈದ್ಯ 72 ಗಂಟೆಗಳವರೆಗೆ ಚಿಕಿತ್ಸೆ ನೀಡಲು ಅವಕಾಶ ಕೊಡುತ್ತದೆ. ಸರಪಳಿ ಬಿಗಿಯುವುದನ್ನು ಅದೇ ಕಾಯ್ದೆ ನಿಷೇಧಿಸಿದೆ.

ಇನ್ನು ನಮ್ಮ ಉಲಮಾಗಳ ಮಾತು. ಬುದ್ಧಿ ಕಳೆದುಕೊಂಡವನ ಮೇಲೆ ನಮಾಝ್, ಉಪವಾಸದ ಹೊಣೆಯಿಲ್ಲವೆಂಬುದು ಮದ್ರಸದಲ್ಲಿ ಫಿಕ್‌ಹ್‌ನ ಆರಂಭದ ಪಾಠ. ಚಿಕಿತ್ಸೆ ಪಡೆಯಿರೆಂದು ಆದೇಶಿಸಿದವರು ಪ್ರವಾದಿಯವರೇ(ಸ). ಹದಿಮೂರನೆಯ ಶತಮಾನದಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು. ಇಷ್ಟು ಓದಿಯೂ ರೋಗಿಯನ್ನು ಮಂತ್ರಿಸುವವನ ಮುಂದೆ ಕೂರಿಸುವುದನ್ನು ನಾವು ಮೌನವಾಗಿ ನೋಡುತ್ತಿರುವುದು ನಾಚಿಕೆಗೇಡು. ದುಆ ಬೇಡವೆನ್ನುತ್ತಿಲ್ಲ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ದವಾ ಮತ್ತು ದುಆ ಜೊತೆಯಾಗಿ ನಡೆದ ನಿದರ್ಶನ ಕಣ್ಮುಂದಿದೆ.

ಅಥಣಿಯ ಮಸೀದಿ ಕಮಿಟಿಗಳು ಊರಿನ ವೈದ್ಯರನ್ನು ಒಂದು ಜುಮಾದ ದಿನ ಕರೆದು ಮಾತಾಡಿಸಲಿ. ಬಡ ರೋಗಿಯ ಧಾರವಾಡದ ಬಸ್ ದರವನ್ನು ಝಕಾತ್ ನಿಧಿಯಿಂದ ಭರಿಸಲಿ. ಮಸೀದಿಯ ನೋಟಿಸ್ ಬೋರ್ಡಿನಲ್ಲಿ, ನಮಾಝಿನ ವೇಳಾಪಟ್ಟಿಯ ಕೆಳಗೆ, ಸರಕಾರದ ಉಚಿತ ಟೆಲಿ ಮಾನಸ್ ಸಂಖ್ಯೆ 14416ನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಲಿ.