ಹಳೇ ಬಾಡಿಗಿದಾರರಿಗೆ ಥಂಡಿ ಆಗೂದಿಲ್ಲೇನ್ರಿ?

"ನಮ್ಮ ಬಾಡಿಗಿದಾರರು ಹಳಬರ್ರೀ, ನಮಗ ಆ ಸರ್ಟಿಫಿಕೇಟಿನ ಗೊಡವಿನ ಇಲ್ಲ." ಇಲ್ಲೆ ಇಂಗ್ಲಂಡಿನಾಗ ಮನಿ ಬಾಡಿಗಿಗೆ ಕೊಟ್ಟ ನಮ್ಮ ಮಂದಿ ಬಾಯಾಗ ಈ ಮಾತು ಕೇಳಿ ಕೇಳಿ ಸಾಕಾಗೇದ. ನಮ್ಮದೂ ಒಂದು ಮನಿ ಬಾಡಿಗಿಗೆ ಅದ, ಹಿಂಗಾಗಿ ಮಂದಿ ರೊಕ್ಕದ ಮ್ಯಾಲೆ ಧರ್ಮಾ ಹೇಳ್ಲಿಕತ್ತಾಳ ಅನ್ನಬ್ಯಾಡ್ರಿ.

ಹುಬ್ಬಳ್ಳ್ಯಾಗ ಕೂತು ಓದೋ ವೈನಿ, ಮಾವಶಿಯರಿಗೆ ಮೊದಲ ಹೇಳಿಬಿಡ್ತೇನಿ. ಫ್ರಿಜ್ಜಿಗೆ ಸ್ಟಾರ್ ಹಚ್ಚಿರ್ತಾರಲ್ಲಾ, ಹಂಗ ಇಲ್ಲೆ ಮನಿಗೇ ಗ್ರೇಡ್ ಕೊಡ್ತಾರ. ಎ ಅಂದ್ರ ಛಲೋ, ಜಿ ಅಂದ್ರ ಅಗದಿ ಕಡೀದು. ಈ ಎನರ್ಜಿ ಸರ್ಟಿಫಿಕೇಟ್ ಹತ್ತು ವರ್ಷ ನಡೀತದ. ಗ್ರೇಡ್ ಇ ಕಿಂತ ಕೆಳಗಿದ್ರ, 2020ರ ಏಪ್ರಿಲ್‌ನಿಂದ ಇಂಗ್ಲಂಡ್, ವೇಲ್ಸ್‌ನಾಗ ವಿನಾಯ್ತಿ ಬರಸದ ಆ ಮನಿ ಬಾಡಿಗಿಗೆ ಇಡೂ ಹಂಗಿಲ್ಲ. ದಂಡ 5,000 ಪೌಂಡಿನ ತನಕಾ ಅದ.

ಆದ್ರ ಒಂದು ಸಂದಿ ಬಿಟ್ಟಾರ. ಬಾಡಿಗಿ ಮನಿಗೆ ಸರ್ಟಿಫಿಕೇಟ್ ಬೇಕು ಅಂತ ಕಾಯ್ದೆ ಬಂದದ್ದು 2008ರ ಅಕ್ಟೋಬರ್‌ನಾಗ, ಅದೂ ಹೊಸಾ ಬಾಡಿಗಿದಾರರು ಬರೋವಾಗ. ಅದಕ್ಕೂ ಮೊದಲ ಬಂದು ಅಲ್ಲೇ ಇದ್ದವರ ಮನಿಗೆ ಸರ್ಟಿಫಿಕೇಟ್ ಆಗಿರದಿದ್ರ, ಇ ಗ್ರೇಡಿನ ನಿಯಮನೂ ಮುಟ್ಟೂದಿಲ್ಲ. ಅಂದ್ರ ನಿನ್ನೆ ಬಂದ ಹುಡುಗನ ಮನಿಗೆ ಗ್ರೇಡ್ ಬೇಕು, ಇಪ್ಪತ್ತು ವರ್ಷ ತಪ್ಪದ ಬಾಡಿಗಿ ಕೊಟ್ಟ ಅಜ್ಜಿ ಥಂಡ್ಯಾಗ ನಡುಗಬಹುದು! ಇದ್ಯಾವ ನ್ಯಾಯ?

"ಆಕಿ ಎಂದೂ ತಕರಾರು ಮಾಡಿಲ್ಲ" ಅಂತಾರ. ಹೆಂಗ ಮಾಡ್ಯಾಳು? ಬಾಯಿ ಬಿಟ್ರ ಬಾಡಿಗಿ ಏರಸ್ತಾರ, ಇಲ್ಲಾ ಮನಿ ಬಿಡು ಅಂತಾರ ಅನ್ನೋ ಅಂಜಿಕಿ. ಮನಿ ನಮ್ಮದು, ಹೀಟಿಂಗ್ ಬಿಲ್ಲು ಆಕೀದು. ಕಿಟಕಿ ಸಂದ್ಯಾಗಿಂದ ಆಕಿ ಪೆನ್ಶನ್ ಹಾರಿ ಹೋದ್ರ ನಮಗೇನು ಬಿಸಿ ತಟ್ಟತದ?

"ಬಾಡಿಗಿನ ಕಡಿಮಿ, ಮ್ಯಾಲೆ ಖರ್ಚು ಯಾಕ?" ಅನ್ನೋದು ಇನ್ನೊಂದು. ಕಡಿಮಿ, ಖರೇ. ಆದ್ರ ಇಷ್ಟು ವರ್ಷ ಮನಿ ಒಂದ ತಿಂಗಳೂ ಖಾಲಿ ಬೀಳಲಿಲ್ಲ, ಹೊಸಬರನ್ನ ಹುಡುಕಲಿಕ್ಕೆ ಏಜೆಂಟಗ ರೊಕ್ಕಾ ಸುರೀಲಿಲ್ಲ. ಆ ಲೆಕ್ಕಾ ಯಾಕ ಬಿಡ್ತೀರಿ?

ಎಲ್ಲಾದಕ್ಕೂ ಸಾವಿರಗಟ್ಟಲೆ ಬೇಕಾಗೂದಿಲ್ಲ. ಅಟ್ಟದಾಗ 27 ಸೆಂಟಿಮೀಟರ್ ದಪ್ಪ ಇನ್ಸುಲೇಶನ್ ಹಾಸೋದು, ಬಿಸಿನೀರಿನ ಟಾಕಿಗೆ ಜಾಕೆಟ್ ಹಾಕೋದು, ಬಾಗಲಾ-ಕಿಟಕಿ ಸಂದಿ ಮುಚ್ಚೋದು, ಬಲ್ಬು ಎಲ್‌ಇಡಿ ಮಾಡೋದು. ಬಾತ್‌ರೂಮಿನ ಗಾಳಿ ಹೋಗೋ ದಾರಿ ಮಾತ್ರ ಮುಚ್ಚಬ್ಯಾಡ್ರಿ, ಬೂಸರು ಹಿಡೀತದ. ಹಳೇ ಇಟ್ಟಂಗಿ ಗ್ವಾಡಿ ನಡುವ ಖಾಲಿ ಜಾಗಾ ಇರೂದಿಲ್ಲ, ಅದನ್ನ ಬೆಚ್ಚಗ ಮಾಡೋದು ತುಟ್ಟಿ, ಒಪ್ಪತೇನಿ. ಅದಕ್ಕ ಇ ಗ್ರೇಡ್ ತರಲಿಕ್ಕೆ ಮಾಲಕರು 3,500 ಪೌಂಡಿಗಿಂತ ಹೆಚ್ಚು ಖರ್ಚು ಮಾಡಬೇಕು ಅಂತ ಕಾಯ್ದೆನೂ ಹೇಳೂದಿಲ್ಲ.

"ವಯಸ್ಸಾದವರಿಗೆ ಯಾಕ ತ್ರಾಸು" ಅನ್ನೋ ಕನಿಕರ ಅಂತೂ ಕೇಳಲೇಬ್ಯಾಡ್ರಿ. ಮೇ, ಜೂನ್‌ನಾಗ ಆಕೀನ ಕೇಳಿ, ಆಕಿಗೆ ಅನುಕೂಲ ಆದ ದಿನಾ ಕೆಲಸದವರನ್ನ ಕಳಸ್ರಿ. ಎರಡ ದಿನದ ತ್ರಾಸು ದೊಡ್ಡದೋ, ಡಿಸೆಂಬರ್‌ನಾಗ ಕೋಟು ಹಾಕ್ಕೊಂಡು ಮಲಗೋದು ದೊಡ್ಡದೋ?

ಆಕಿ ಮನಿ ಬಿಟ್ಟ ಮರುದಿನಾ, ಹೊಸಬರು ಬರೋ ಮೊದಲ, ಇದೆಲ್ಲಾ ಮಾಡಸೇ ಮಾಡಸ್ತೀರಿ. ಸರ್ಕಾರ ಅಂತೂ 2030ರ ಹೊತ್ತಿಗೆ ಸಿ ಗ್ರೇಡ್ ಆಗಬೇಕು ಅಂತ ಹೊಂಟದ. ಯಾರೋ ಗೊತ್ತಿಲ್ಲದವರಿಗೆ ನಾಳೆ ಮಾಡೋದನ್ನ, ಇಷ್ಟು ವರ್ಷ ನಿಮ್ಮ ಸಾಲದ ಕಂತು ತುಂಬಿದಾಕಿಗೆ ಇವತ್ತ ಮಾಡ್ರಿ. ಕಾಯ್ದೆ ಕೇಳಲಿಲ್ಲ ಅಂದ ಮಾತ್ರಕ್ಕ ಥಂಡಿ ಬಿಡೂದಿಲ್ಲ.