ಗಾಯಾಳು ಹಿರಿಯ ಆಟಗಾರನ ಒಪ್ಪಂದ: ಕ್ಲಬ್ ಕಾಯಬೇಕೇ, ಕೈಬಿಡಬೇಕೇ?

ಫುಟ್‌ಬಾಲ್ ವರ್ಗಾವಣೆ ಅವಧಿ ಬಂತೆಂದರೆ ಕೋಲ್ಕತ್ತಾದ ಡಮ್ ಡಮ್ ವಿಮಾನ ನಿಲ್ದಾಣದ ಆಗಮನ ದ್ವಾರದಲ್ಲಿ ಜನ ಸೇರುತ್ತಾರೆ. ವಿಮಾನ ನಡುರಾತ್ರಿ ಇಳಿದರೂ ಸರಿ, ಮೋಹನ್ ಬಾಗಾನ್‌ ಅಥವಾ ಈಸ್ಟ್ ಬೆಂಗಾಲ್‌ಗೆ ಹೊಸ ವಿದೇಶಿ ಆಟಗಾರ ಬರುತ್ತಿದ್ದಾನೆ ಎಂದರೆ ಧ್ವಜ ಹಿಡಿದು, ಘೋಷಣೆ ಕೂಗಿ, ಕೊರಳಿಗೆ ಸ್ಕಾರ್ಫ್ ಹಾಕಿ ಬರಮಾಡಿಕೊಳ್ಳುವುದು ಅಲ್ಲಿಯ ರೂಢಿ. ಅದೇ ಆಟಗಾರ ಆರು ತಿಂಗಳ ನಂತರ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ನಿರ್ಗಮನ ದ್ವಾರದ ಕಡೆ ಹೋಗುವಾಗ ಆ ಗದ್ದಲ ಇರುವುದಿಲ್ಲ. ಕ್ಲಬ್‌ನಿಂದ ಎರಡು ಸಾಲಿನ ಪ್ರಕಟಣೆ ಬರುತ್ತದೆ: ಪರಸ್ಪರ ಒಪ್ಪಿಗೆಯ ಮೇರೆಗೆ ಬೇರ್ಪಟ್ಟಿದ್ದೇವೆ.

ಆ 'ಪರಸ್ಪರ ಒಪ್ಪಿಗೆ' ಎಷ್ಟರಮಟ್ಟಿಗೆ ಪರಸ್ಪರ ಎಂಬುದೇ ಇಲ್ಲಿನ ಪ್ರಶ್ನೆ. ಮೂವತ್ತು ದಾಟಿದ, ಪದೇ ಪದೇ ಗಾಯಗೊಳ್ಳುವ ಆಟಗಾರನ ಒಪ್ಪಂದವನ್ನು ಅವಧಿ ಮುಗಿಯುವ ಮೊದಲು ಬದಲಿಸುವುದು ಹೇಗೆ? ಅವನಿಗೆ ಅನ್ಯಾಯವಾಗದಂತೆ, ಕ್ಲಬ್‌ಗೂ ಹೊರೆಯಾಗದಂತೆ ಅದನ್ನು ಮಾಡಲು ಸಾಧ್ಯವೇ? ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ತಂಡಗಳು ಖರ್ಚು ಕಡಿತದ ಮಾತಾಡುತ್ತಿರುವ ಈ ಹೊತ್ತಿನಲ್ಲಿ ಇದು ಕೋಲ್ಕತ್ತಾಕ್ಕಷ್ಟೇ ಅಲ್ಲ, ಬೆಂಗಳೂರಿಗೂ ಸಂಬಂಧಿಸಿದ ವಿಷಯ.

ಒಂದೇ ಋತು, ಇಬ್ಬರು ಗಾಯಾಳುಗಳು

2022–23ರ ಋತುವನ್ನೇ ನೋಡಿ. ಆಗ ಎಟಿಕೆ ಮೋಹನ್ ಬಾಗಾನ್ ಎಂಬ ಹೆಸರಿದ್ದ ತಂಡದಲ್ಲಿ 32 ವರ್ಷದ ಇಬ್ಬರು ವಿದೇಶಿಯರಿದ್ದರು. ಒಬ್ಬರು ಯುರೊ 2020ರಲ್ಲಿ ಫಿನ್ಲೆಂಡ್ ತಂಡದಲ್ಲಿದ್ದ ಮಿಡ್‌ಫೀಲ್ಡರ್ ಜೋನಿ ಕೌಕೊ. ಇನ್ನೊಬ್ಬರು ಫ್ರಾನ್ಸ್ ತಾರೆ ಪಾಲ್ ಪೋಗ್ಬಾ ಅವರ ಅಣ್ಣ, ಎರಡು ವರ್ಷಗಳ ಒಪ್ಪಂದದ ಮೇಲೆ ಬಂದಿದ್ದ ಡಿಫೆಂಡರ್ ಫ್ಲೋರೆಂಟಿನ್ ಪೋಗ್ಬಾ. ಇಬ್ಬರೂ ಗಾಯಗೊಂಡರು. ಇಬ್ಬರ ಜಾಗಕ್ಕೂ ಬದಲಿ ಆಟಗಾರರು ಬಂದರು. ಪೋಗ್ಬಾ ಬದಲಿಗೆ ಸ್ಲಾವ್ಕೊ ದಮ್ಯಾನೊವಿಚ್, ಕೌಕೊ ಬದಲಿಗೆ ಫೆಡೆರಿಕೊ ಗಯೆಗೊ.

ಮುಂದೆ ದಾರಿ ಕವಲೊಡೆಯಿತು. ಪೋಗ್ಬಾ ಅವರ ಎರಡು ವರ್ಷಗಳ ಒಪ್ಪಂದ ಮೊದಲ ಋತುವೂ ಪೂರ್ತಿಯಾಗದೆ ಕೊನೆಗೊಂಡಿತು. ನವೆಂಬರ್ 2022ರಲ್ಲಿ ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿದುಕೊಂಡಿದ್ದ ಕೌಕೊ ಅವರನ್ನು ಮಾತ್ರ ಕ್ಲಬ್ ಬಿಡಲಿಲ್ಲ. ಲೀಗ್ ಪಟ್ಟಿಯಿಂದ ಹೆಸರು ತೆಗೆದರೂ ಅವರು ಕ್ಲಬ್‌ನ ಆಟಗಾರನಾಗಿಯೇ ಉಳಿದು ಚೇತರಿಕೆಯ ತರಬೇತಿ ಪಡೆದರು. 2023ರ ಮಾರ್ಚ್ 18ರಂದು ಗೋವಾದ ಫತೋರ್ಡದಲ್ಲಿ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಬಾಗಾನ್ ಕಪ್ ಎತ್ತಿದಾಗ ಕೌಕೊ ಮೈದಾನದ ಹೊರಗಿದ್ದರು. ಮುಂದಿನ ಋತುವಿನ ಮೊದಲಾರ್ಧವೂ ಹಾಗೆಯೇ ಕಳೆಯಿತು.

2024ರ ಜನವರಿಯಲ್ಲಿ ಕೋಚ್ ಹುವಾನ್ ಫೆರಾಂಡೊ ಹೋಗಿ ಆಂಟೋನಿಯೊ ಹಬಾಸ್ ಮರಳಿ ಬಂದರು. ತಂಡದ ದುಬಾರಿ ಪ್ಲೇಮೇಕರ್ ಹ್ಯೂಗೊ ಬೌಮೊಸ್ ಅವರನ್ನು ಪಟ್ಟಿಯಿಂದ ಕೈಬಿಟ್ಟು ಕೌಕೊ ಅವರನ್ನು ಮತ್ತೆ ನೋಂದಾಯಿಸಲಾಯಿತು. 14 ತಿಂಗಳು ಆಡದಿದ್ದ, 33 ದಾಟಿದ ಆಟಗಾರನಿಗಾಗಿ ಆರೋಗ್ಯವಾಗಿದ್ದವನನ್ನು ಹೊರಗಿಡುವುದೇ ಎಂದು ಹಲವರು ಹುಬ್ಬೇರಿಸಿದರು. ಏಪ್ರಿಲ್ 11ರಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯನ್ನು 4–0ರಿಂದ ಮಣಿಸಿ, ನಾಲ್ಕು ದಿನಗಳ ನಂತರ ಸಾಲ್ಟ್ ಲೇಕ್‌ನಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿ ಬಾಗಾನ್ ಲೀಗ್ ಶೀಲ್ಡ್ ಗೆದ್ದಿತು. ಕಾದದ್ದಕ್ಕೆ ನಷ್ಟವಾಗಲಿಲ್ಲ.

ಇದನ್ನು ಬರೀ ಔದಾರ್ಯದ ಕತೆ ಎಂದುಕೊಳ್ಳಬೇಕಿಲ್ಲ. ಐಎಸ್‌ಎಲ್ ತಂಡಕ್ಕೆ ಆಗ ಆರು ಮಂದಿ ವಿದೇಶಿಯರನ್ನಷ್ಟೇ ನೋಂದಾಯಿಸಲು ಅವಕಾಶವಿತ್ತು. ಹಾಗಾಗಿ ಗಾಯಗೊಂಡ ವಿದೇಶಿ ಆಟಗಾರ ಕ್ಲಬ್‌ಗೆ ತರುವ ಮೊದಲ ತೊಂದರೆ ಸಂಬಳದ್ದಲ್ಲ, ಪಟ್ಟಿಯಲ್ಲಿ ಅವನು ಹಿಡಿದಿಡುವ ಜಾಗದ್ದು. ಜಾಗ ತೆರವು ಮಾಡಿಸಿದರೆ ಕೋಚ್‌ಗೆ ಬದಲಿ ಆಟಗಾರ ಸಿಗುತ್ತಾನೆ. ಅದಕ್ಕಾಗಿ ಒಪ್ಪಂದವನ್ನೇ ಹರಿದುಹಾಕಬೇಕಿಲ್ಲ. ನೋಂದಣಿ ಬೇರೆ, ಒಪ್ಪಂದ ಬೇರೆ ಎಂಬ ಈ ಸರಳ ವ್ಯತ್ಯಾಸವನ್ನು ಕೌಕೊ ವಿಷಯದಲ್ಲಿ ಬಾಗಾನ್ ಬಳಸಿಕೊಂಡಿತು. ಉಳಿದ ಕ್ಲಬ್‌ಗಳು ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೇ ಮುಗಿಸಿಬಿಡುತ್ತವೆ.

ಹಿಂದೆ ಬಾಗಾನ್ ಮಾಡಿದ್ದೂ ಅದನ್ನೇ. ಬೆಂಗಳೂರಿನ ಫುಟ್‌ಬಾಲ್ ಪ್ರಿಯರು ಸೋನಿ ನೋರ್ಡೆ ಹೆಸರನ್ನು ಮರೆತಿರಲಾರರು. 2015ರ ಮೇ 31ರಂದು ಕಂಠೀರವದಲ್ಲಿ ಜಾನ್ ಜಾನ್ಸನ್ ಗೋಲಿನಿಂದ ಬಿಎಫ್‌ಸಿ ಮುಂದಿತ್ತು. 87ನೇ ನಿಮಿಷದಲ್ಲಿ ನೋರ್ಡೆ ಒದ್ದ ಕಾರ್ನರ್‌ಗೆ ಬೆಲ್ಲೊ ರಝಾಕ್ ತಲೆ ಕೊಟ್ಟು 1–1 ಮಾಡಿದರು; ಐ–ಲೀಗ್ ಕಿರೀಟ ಕೋಲ್ಕತ್ತಾಕ್ಕೆ ಹೋಯಿತು. ಆ ಹೈಟಿ ಆಟಗಾರನ ಮೊಣಕಾಲು ಕೈಕೊಟ್ಟಾಗ, 2018ರ ಜನವರಿಯಲ್ಲಿ ಕ್ಲಬ್ ಅವರನ್ನು ಬಿಟ್ಟುಕೊಟ್ಟು ಲೆಬನಾನ್‌ನ ಅಕ್ರಂ ಮೊಘ್ರಬಿ ಅವರನ್ನು ಕರೆತಂದಿತು. ಮುಂದಿನ ಋತುವಿಗೆ ನೋರ್ಡೆ ಮರಳಿದರು, ನಿಜ. ಆದರೆ ಬಿಟ್ಟುಕೊಟ್ಟ ದಿನದಿಂದ ಮರಳುವ ದಿನದವರೆಗಿನ ಅಪಾಯ ಪೂರ್ತಿ ಆಟಗಾರನ ಹೆಗಲ ಮೇಲಿತ್ತು.

ನಿಯಮ ಏನು ಹೇಳುತ್ತದೆ?

ಫಿಫಾ ವರ್ಗಾವಣೆ ನಿಯಮಾವಳಿ ಈ ವಿಷಯದಲ್ಲಿ ಆಟಗಾರನ ಪರವಾಗಿಯೇ ಇದೆ. ಸಹಿ ಹಾಕಿದ ಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಒಪ್ಪಂದ ಊರ್ಜಿತ ಎಂಬ ಷರತ್ತಿಗೆ 18ನೇ ವಿಧಿ ಅವಕಾಶ ಕೊಡುವುದಿಲ್ಲ. ಪರೀಕ್ಷೆ ಏನಿದ್ದರೂ ಸಹಿಗೆ ಮೊದಲು. ನ್ಯಾಯಸಮ್ಮತ ಕಾರಣವಿಲ್ಲದೆ ಒಪ್ಪಂದ ಮುರಿದರೆ ಪರಿಹಾರ ಕೊಡಬೇಕು, ಮತ್ತು ಆಡುವಾಗ ಆದ ಗಾಯ ಅಂಥ ಕಾರಣವಲ್ಲ. ಎರಡು ತಿಂಗಳ ಸಂಬಳ ಬಾಕಿಯಾದರೆ 15 ದಿನಗಳ ನೋಟಿಸ್ ಕೊಟ್ಟು ಆಟಗಾರನೇ ಹೊರಬರಬಹುದು.

ಇವೆಲ್ಲಕ್ಕಿಂತ ಇಲ್ಲಿ ಮುಖ್ಯವಾದುದು 14ನೇ ವಿಧಿಯ ಎರಡನೇ ಭಾಗ. ಒಪ್ಪಂದ ಮುರಿಯುವಂತೆ ಅಥವಾ ಷರತ್ತು ಬದಲಿಸುವಂತೆ ಒಬ್ಬರು ಇನ್ನೊಬ್ಬರ ಮೇಲೆ ದೌರ್ಜನ್ಯದ ನಡವಳಿಕೆಯಿಂದ ಒತ್ತಡ ಹಾಕಿದರೆ, ಅದೇ ಒಪ್ಪಂದ ರದ್ದತಿಗೆ ನ್ಯಾಯಸಮ್ಮತ ಕಾರಣವಾಗುತ್ತದೆ. ಹಿರಿಯ ಆಟಗಾರನನ್ನು ತಂಡದಿಂದ ಬೇರ್ಪಡಿಸಿ ಒಂಟಿಯಾಗಿ ಓಡಿಸುವುದು, 'ಈ ಕಾಗದಕ್ಕೆ ಸಹಿ ಹಾಕು, ಇಲ್ಲದಿದ್ದರೆ ಇಡೀ ವರ್ಷ ಹೀಗೇ' ಎನ್ನುವುದು ಪ್ರಪಂಚದಾದ್ಯಂತ ಇರುವ ಹಳೆಯ ಚಾಳಿ. ಕ್ಲಬ್ ಅದನ್ನು ಜಾಣತನ ಎಂದುಕೊಂಡರೂ ಕಾನೂನಿನ ಕಣ್ಣಿಗೆ ಅದು ಅಪಾಯದ ಆಟ.

ಒಪ್ಪಂದವನ್ನು ಏಕಪಕ್ಷೀಯವಾಗಿ ಮುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಈಸ್ಟ್ ಬೆಂಗಾಲ್ ಉದಾಹರಣೆ. ಅದು ಗಾಯದ ಪ್ರಕರಣವಲ್ಲ, ಪಾಠ ಮಾತ್ರ ಒಂದೇ. 2020ರಲ್ಲಿ ಕ್ಲಬ್‌ನ ಹೂಡಿಕೆದಾರ ಬೆಂಗಳೂರು ಮೂಲದ ಕ್ವೆಸ್ ಕಾರ್ಪ್. ಕೋವಿಡ್ ಲಾಕ್‌ಡೌನ್‌ನಿಂದಾಗಿ ಕೈಮೀರಿದ ಪರಿಸ್ಥಿತಿ ಎಂದು ಹೇಳಿ ಏಪ್ರಿಲ್ ಕೊನೆಗೇ ಒಪ್ಪಂದ ಮುಗಿಸುತ್ತಿರುವುದಾಗಿ ಆಟಗಾರರಿಗೆ ಪತ್ರ ಹೋಯಿತು. ಕೋಸ್ಟರಿಕಾ ಪರ ವಿಶ್ವಕಪ್ ಆಡಿದ್ದ 36 ವರ್ಷದ ಡಿಫೆಂಡರ್ ಜಾನಿ ಅಕೋಸ್ಟಾ ಬಾಕಿಗಾಗಿ ಫಿಫಾ ಬಾಗಿಲು ತಟ್ಟಿದರು. 2021ರಲ್ಲಿ ಈಸ್ಟ್ ಬೆಂಗಾಲ್ ಮೇಲೆ ವರ್ಗಾವಣೆ ನಿಷೇಧ ಬಿತ್ತು. ಅಷ್ಟರಲ್ಲಿ ಕ್ವೆಸ್ ಹೊರಟುಹೋಗಿತ್ತು. ಹೂಡಿಕೆದಾರರು ಬದಲಾಗುತ್ತಾರೆ, ನಿಷೇಧ ಮಾತ್ರ ಕ್ಲಬ್‌ನ ಹೆಸರಿಗೆ ಅಂಟಿಕೊಳ್ಳುತ್ತದೆ.

ಅಂದರೆ ಮಾತುಕತೆಯೇ ದಾರಿ. ಉಳಿದ ಮೊತ್ತವನ್ನು ಇನ್ನೊಂದು ವರ್ಷಕ್ಕೆ ಹಂಚಿ ವಾರ್ಷಿಕ ಹೊರೆ ಇಳಿಸಬಹುದು. ಖಚಿತ ಸಂಬಳ ಕಡಿಮೆ ಮಾಡಿ ಪಂದ್ಯವಾರು ಭತ್ಯೆ ಸೇರಿಸಬಹುದು. 2009ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ ಮೈಕೆಲ್ ಓವನ್ ಒಪ್ಪಿಕೊಂಡದ್ದು ಇಂಥ 'ಆಡಿದಷ್ಟಕ್ಕೆ ದುಡ್ಡು' ಸೂತ್ರವನ್ನು. ಅದೇ ಕ್ಲಬ್ 2017ರಲ್ಲಿ ಮೊಣಕಾಲು ಮುರಿದುಕೊಂಡ 35 ವರ್ಷದ ಝ್ಲಾಟಾನ್ ಇಬ್ರಾಹಿಮೊವಿಚ್ ಅವರ ಒಪ್ಪಂದ ಜೂನ್‌ಗೆ ಮುಗಿಯಲು ಬಿಟ್ಟಿತು. ಚೇತರಿಕೆ ಮಾತ್ರ ತನ್ನ ತರಬೇತಿ ಕೇಂದ್ರದಲ್ಲೇ ನಡೆಯಲು ಅವಕಾಶ ಕೊಟ್ಟು, ಆಗಸ್ಟ್‌ನಲ್ಲಿ ಮತ್ತೆ ಸಹಿ ಹಾಕಿಸಿಕೊಂಡಿತು. ನೋರ್ಡೆಗೆ ಸಿಗದ ಆಸರೆ ಅದು.

13 ಪಂದ್ಯಗಳ ಲೀಗ್‌ನಲ್ಲಿ ಲೆಕ್ಕವೇ ಬೇರೆ

ಪಂದ್ಯವಾರು ಭತ್ಯೆ ಕೇಳಲು ನ್ಯಾಯವೆನಿಸುತ್ತದೆ. ಆಡಿದರೆ ಹಣ, ಇಲ್ಲದಿದ್ದರೆ ಇಲ್ಲ. ಭಾರತದಲ್ಲಿ ಈಗ ಅದರ ಲೆಕ್ಕ ತಲೆಕೆಳಗಾಗಿದೆ. 2024–25ರಲ್ಲಿ ಪ್ರತಿ ಐಎಸ್‌ಎಲ್ ತಂಡಕ್ಕೆ 24 ಲೀಗ್ ಪಂದ್ಯಗಳಿದ್ದವು. ವಾಣಿಜ್ಯ ಹಕ್ಕುಗಳ ಬಿಕ್ಕಟ್ಟಿನಿಂದ ತಡವಾಗಿ, 2026ರ ಫೆಬ್ರುವರಿ 14ಕ್ಕೆ ಶುರುವಾದ ಲೀಗ್‌ನಲ್ಲಿ 14 ತಂಡ, ಒಟ್ಟು 91 ಪಂದ್ಯ. ತಂಡಕ್ಕೆ 13.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ವರ್ಷಕ್ಕೆ 1 ಕೋಟಿ ರೂಪಾಯಿಯ ಆಟಗಾರನ ಒಪ್ಪಂದವನ್ನು 60 ಲಕ್ಷ ಖಚಿತ, ಜತೆಗೆ ಪಂದ್ಯಕ್ಕೆ 2 ಲಕ್ಷ ಎಂದು ಬದಲಿಸಿದರು ಎಂದುಕೊಳ್ಳಿ. 24 ಪಂದ್ಯಗಳ ಲೀಗ್‌ನಲ್ಲಿ 20 ಆಡಿದರೆ ಪೂರ್ತಿ 1 ಕೋಟಿ ಕೈಸೇರುತ್ತದೆ. 13 ಪಂದ್ಯಗಳ ಲೀಗ್‌ನಲ್ಲಿ ಒಂದನ್ನೂ ತಪ್ಪಿಸದೆ ಆಡಿದರೂ 86 ಲಕ್ಷ. ತೊಡೆಯ ಸ್ನಾಯು ಹಿಡಿದುಕೊಂಡು ಆರು ಪಂದ್ಯ ತಪ್ಪಿದರೆ 74 ಲಕ್ಷ. ಲೀಗ್ ಚಿಕ್ಕದಾದದ್ದು ಆಟಗಾರನ ತಪ್ಪಲ್ಲ, ನಷ್ಟ ಮಾತ್ರ ಅವನದು. ಹಾಗಾಗಿ ಇಂಥ ಷರತ್ತಿಗೆ ಸಹಿ ಹಾಕುವವರು ಪಂದ್ಯಗಳ ಸಂಖ್ಯೆಯನ್ನಲ್ಲ, ಒಟ್ಟು ಪಂದ್ಯಗಳಲ್ಲಿ ಶೇಕಡಾವಾರು ಪ್ರಮಾಣವನ್ನು ಬರೆಸಿಕೊಳ್ಳಬೇಕು.

ಇನ್ನೊಂದು ತೊಡಕಿದೆ. ಆಡಿಸುವವನು ಕೋಚ್, ಹಣ ಕೊಡುವುದು ಕ್ಲಬ್. ಭತ್ಯೆಯ ಮಿತಿ ಹತ್ತಿರವಾದಾಗ ಆಟಗಾರ ಬೆಂಚ್‌ನಲ್ಲಿ ಕೂತರೆ ಅದು ತಂತ್ರವೋ ಉಳಿತಾಯವೋ ಎಂಬ ಅನುಮಾನ ಬರುವುದು ಸಹಜ. ಕೊನೆಯ 20 ನಿಮಿಷ ಆಡಿದರೆ ಅದು 'ಪಂದ್ಯ'ವೋ ಅಲ್ಲವೋ ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. 40ರ ಹರೆಯದಲ್ಲಿ ಸುನಿಲ್ ಚೆಟ್ರಿ 2024–25ರಲ್ಲಿ 14 ಐಎಸ್‌ಎಲ್ ಗೋಲು ಹೊಡೆದರು. ಕೆಲವು ಪಂದ್ಯಗಳಿಗೆ ಅವರು ಬಂದದ್ದೇ ಬದಲಿ ಆಟಗಾರನಾಗಿ. ಹಿರಿಯ ಆಟಗಾರನ ಬೆಲೆಯನ್ನು ನಿಮಿಷಗಳಲ್ಲಿ ಅಳೆಯುವುದು ಕಷ್ಟ.

ಅದೇ ಚೆಟ್ರಿ ಇರುವ ಬೆಂಗಳೂರು ಎಫ್‌ಸಿ 2025ರ ಆಗಸ್ಟ್‌ನಲ್ಲಿ ಲೀಗ್‌ನ ಭವಿಷ್ಯ ಖಚಿತವಿಲ್ಲದ ಕಾರಣ ನೀಡಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿದಿತ್ತು. ಕ್ಲಬ್‌ಗಳ ಸಂಕಷ್ಟ ಸುಳ್ಳಲ್ಲ. ಆದರೆ ಎಲ್ಲರ ಸಂಬಳಕ್ಕೂ ಕತ್ತರಿ ಬೀಳುವ ವಾತಾವರಣದಲ್ಲಿ ಮೊದಲು ಮಾತುಕತೆಗೆ ಕರೆ ಹೋಗುವುದು ಫಿಸಿಯೊ ಮೇಜಿನ ಮೇಲೆ ಮಲಗಿದವನಿಗೇ. ಅವನ ಬಳಿ ಬೇರೆ ಕ್ಲಬ್‌ನ ಕರೆ ಇರುವುದಿಲ್ಲ ಎಂಬುದು ಎದುರು ಕೂತವರಿಗೂ ಗೊತ್ತು.

ವಿದೇಶಿ ಆಟಗಾರನಿಗೆ ಏಜೆಂಟ್, ವಕೀಲ, ಫಿಫಾ ಇದೆ. ಭಾರತೀಯ ಆಟಗಾರರ ಪರ ಮಾತಾಡಲು 2006ರಲ್ಲಿ ಬೈಚುಂಗ್ ಭುಟಿಯಾ ಮುಂದಾಳತ್ವದಲ್ಲಿ ಆಟಗಾರರ ಸಂಘ ಹುಟ್ಟಿತು. ಮೋಹನ್ ಬಾಗಾನ್ ಜತೆ ಜಗಳವಾಗಿ 2009ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದ ಬೈಚುಂಗ್ ಅವರ ಕೊನೆಯ ವರ್ಷಗಳನ್ನೂ ಗಾಯವೇ ತಿಂದಿತು. 2011ರ ಏಷ್ಯಾ ಕಪ್‌ನಲ್ಲಿ ಅವರಿಗೆ ಸಿಕ್ಕಿದ್ದು ದಕ್ಷಿಣ ಕೊರಿಯಾ ವಿರುದ್ಧದ ಕೆಲವೇ ನಿಮಿಷ. ಬೈಚುಂಗ್‌ಗೆ ಹೆಸರಿತ್ತು, ದನಿಯಿತ್ತು. ಹೆಸರಿಲ್ಲದವರು ಕ್ಲಬ್ ಬಿಟ್ಟ ಮೇಲೆ ಬಂಗಾಳದಲ್ಲಿ 'ಖೇಪ್' ಆಡಲು ಹೋಗುತ್ತಾರೆ. ಅಂದರೆ ಊರೂರಿನ ಟೂರ್ನಿಗಳಲ್ಲಿ ಆ ದಿನದ ಕೂಲಿಗೆ ಕಾಲು ಕೊಡುವುದು. ಕಾಸರಗೋಡಿನ ಸೆವೆನ್ಸ್ ಮೈದಾನಗಳನ್ನು ಕಂಡವರಿಗೆ ಈ ಚಿತ್ರ ಹೊಸದಲ್ಲ. ಅಲ್ಲಿ ಒಪ್ಪಂದವೇ ಇಲ್ಲ, ಮರುರೂಪಿಸುವ ಮಾತು ಎಲ್ಲಿಂದ ಬಂತು?

ಫಿಫಾದ ಕ್ಲಬ್ ರಕ್ಷಣಾ ಯೋಜನೆ ಕೂಡ ರಾಷ್ಟ್ರೀಯ ತಂಡದ ಪರ ಆಡುವಾಗ ಗಾಯಗೊಂಡು 28 ದಿನಗಳಿಗಿಂತ ಹೆಚ್ಚು ಹೊರಗುಳಿದವರ ಸಂಬಳವನ್ನಷ್ಟೇ ಕ್ಲಬ್‌ಗೆ ತುಂಬಿಕೊಡುತ್ತದೆ. ಲೀಗ್‌ನಲ್ಲಿ ಬಿದ್ದವನ ಖರ್ಚು ಕ್ಲಬ್‌ನದೇ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಮನಸ್ಸು ಮಾಡಿದರೆ ಇದಕ್ಕೆ ಹೊಸ ಹಣವನ್ನೇನೂ ಹುಡುಕಬೇಕಿಲ್ಲ. ಗಾಯದ ಕಾರಣಕ್ಕೆ ಬದಲಿ ಆಟಗಾರನನ್ನು ನೋಂದಾಯಿಸಲು ಕ್ಲಬ್ ಅರ್ಜಿ ಹಾಕುತ್ತದಲ್ಲ, ಆ ಅರ್ಜಿಯ ಜತೆ ಗಾಯಾಳುವಿನ ಸಂಬಳ ಮತ್ತು ಚಿಕಿತ್ಸೆ ಮುಂದುವರಿದಿದೆ ಎಂಬ ದಾಖಲೆಯನ್ನೋ, ಆಟಗಾರರ ಸಂಘದ ಪ್ರತಿನಿಧಿಯ ಎದುರು ಸಹಿಯಾದ ಹೊಸ ಕರಾರನ್ನೋ ಕೇಳಿದರೆ ಸಾಕು. ಬದಲಿ ಆಟಗಾರ ಬೇಕೆಂಬ ಆತುರ ಕ್ಲಬ್‌ಗೆ ಇದ್ದೇ ಇರುತ್ತದೆ. ದಾಖಲೆಯೂ ಅಷ್ಟೇ ಬೇಗ ಸಿದ್ಧವಾಗುತ್ತದೆ.